ಕೆಟ್ಟು ನಿಂತ ಯುದ್ಧನೌಕೆಯನ್ನು ಎಳೆದು ತರುವುದು ಹೇಗೆ?

ಎಂಜಿನ್ ಕೈಕೊಟ್ಟ ಬೋಟನ್ನು ಇನ್ನೊಂದು ಬೋಟು ಎಳೆದು ತರುವುದನ್ನು ಮಲ್ಪೆಯಲ್ಲಿ ನೋಡಿದ್ದೀರಾ? ಎಷ್ಟೋ ಸಲ ಹಗ್ಗ ಗಿಡ್ಡ. ಅದನ್ನೂ ಬಿಗಿಯಾಗಿ ಕಟ್ಟಿರುತ್ತಾರೆ. ಎರಡು ಅಲೆ ಎದ್ದರೆ ಸಾಕು, ಫಟ್! ಅಲ್ಲಿ ಹೋಗುವುದು ಹಗ್ಗ ಮಾತ್ರ. ಸಾವಿರಾರು ಟನ್ನಿನ ಹಡಗಿನಲ್ಲಿ ಹೀಗಾದರೆ ಡೆಕ್ ಮೇಲಿದ್ದವರ ಜೀವವೇ ಹೋಗಬಹುದು.

ಈ ಕೆಲಸಕ್ಕೆಂದೇ ಅಮೆರಿಕದ ನೌಕಾಪಡೆ ಪೌಹಾಟನ್ ವರ್ಗದ ಏಳು ಟಗ್ (ಬೇರೆ ಹಡಗನ್ನು ಎಳೆಯುವ ಹಡಗು) ಕಟ್ಟಿಸಿತು. ಮೊದಲನೆಯದು ಸೇವೆಗೆ ಬಂದದ್ದು 1979ರಲ್ಲಿ. ಉದ್ದ ಸುಮಾರು 69 ಮೀಟರ್. 2000ದಲ್ಲಿ ಯೆಮನ್‌ನ ಏಡನ್‌ನಲ್ಲಿ ಬಾಂಬ್ ದಾಳಿಗೆ ಸಿಕ್ಕ ಅಮೆರಿಕದ ಕೋಲ್ ಯುದ್ಧನೌಕೆಯನ್ನು ಬಂದರಿನಿಂದ ಹೊರಗೆ ಎಳೆದದ್ದು ಇವುಗಳಲ್ಲೊಂದಾದ ಕಟಾಬಾ. ಎಳೆಯುವುದೊಂದೇ ಅಲ್ಲ, ಬೆಂಕಿ ಆರಿಸುವುದು, ಮುಳುಗುಗಾರರಿಗೆ ನೆರವಾಗುವುದು, ಕಡಲಡಿ ಹುಡುಕುವುದು ಕೂಡ ಇವುಗಳ ಪಾಲಿಗೇ ಇತ್ತು. 2015ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಎಲ್ ಫಾರೋ ಸರಕು ಹಡಗನ್ನು ಪತ್ತೆಮಾಡಿದ್ದು ಅಪಾಚಿ ಟಗ್‌ನಿಂದಲೇ.

1. ಕೆಟ್ಟ ಹಡಗಿನ ಚುಕ್ಕಾಣಿ ನೇರಕ್ಕಿಟ್ಟು ಬಿಗಿಯಿರಿ. ಪ್ರೊಪೆಲ್ಲರ್ ತಿರುಗದಂತೆ ಲಾಕ್ ಮಾಡಿ, ನೀರು ನುಗ್ಗುವ ಕಿಂಡಿಗಳನ್ನೆಲ್ಲ ಮುಚ್ಚಿ. ಹಿಂಭಾಗ ತುಸು ತಗ್ಗಿರಲಿ. ಮೂತಿ ತಗ್ಗಿದರೆ ಅತ್ತಿತ್ತ ಹೊಯ್ದಾಡುತ್ತದೆ.

2. ಮೂತಿಯ ಎರಡೂ ಬದಿಯಿಂದ ಸರಪಳಿ ತಂದು ತ್ರಿಕೋನದ ಉಕ್ಕಿನ ತಟ್ಟೆಗೆ ಸೇರಿಸಿ. ಅಂಚಿಗೆ ಉಜ್ಜಿಕೊಳ್ಳಬೇಕಾದದ್ದು ಸರಪಳಿ, ವಯರ್ ರೋಪ್ (ಉಕ್ಕಿನ ತಂತಿ ಹೆಣೆದ ಹಗ್ಗ) ಅಲ್ಲ. ಸುಮ್ನೆ ತಿರುಪಿ ಬಿಡುವ ಪಿನ್ನಿನ ಶ್ಯಾಕಲ್ (ಸರಪಳಿ ಜೋಡಿಸುವ U ಆಕಾರದ ಕೊಂಡಿ) ಮಾತ್ರ ಬೇಡವೇ ಬೇಡ. ಅದುರಿ ಅದುರಿ ತಾನೇ ಬಿಚ್ಚಿಕೊಳ್ಳುತ್ತದೆ. ನಟ್ಟು ಹಾಕಿ, ಅದಕ್ಕೂ ಲಾಕ್ ಇರುವಂಥದ್ದೇ ಬೇಕು.

3. ಟಗ್‌ನಿಂದ ಕೆಟ್ಟ ಹಡಗಿಗೆ ಮೊದಲು ಸಣ್ಣ ಹಗ್ಗ ಎಸೆಯಿರಿ, ಅದರ ಬೆನ್ನಿಗೆ ದಪ್ಪದ್ದು, ಕೊನೆಗೆ ಆ ತಟ್ಟೆಗೆ ಸೇರಿಸುವ ವಯರ್ ರೋಪ್.

4. ಎಡವುವುದು ಇಲ್ಲೇ. ಟಗ್ ನಿಧಾನಕ್ಕೆ ಮುಂದೆ ಹೋಗುತ್ತಾ ರೋಪ್ ಬಿಡುತ್ತಾ ಹೋಗಬೇಕು, ನೂರಾರು ಮೀಟರ್. ಅದು ಬಿಗಿಯಾಗಿರಬಾರದು. ನಡುವೆ ನೀರೊಳಗೆ ಆಳಕ್ಕೆ ಜೋಲು ಬಿದ್ದಿರಬೇಕು. ಅಲೆ ಜಗ್ಗಿದಾಗ ಮೊದಲು ಆ ಜೋಲು ಮೇಲೇಳುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಹೊಡೆತ ಅಲ್ಲೇ ಕರಗುತ್ತದೆ. ನೈಲಾನ್ ಹಗ್ಗ ಹಗುರ, ಹಿಗ್ಗುತ್ತದೆ ಎನ್ನುವವರಿದ್ದಾರೆ. ಹಿಗ್ಗಿದ್ದು ತುಂಡಾದರೆ ಅಷ್ಟೇ ಜೋರಾಗಿ ತಿರುಗಿ ಬಡಿಯುತ್ತದೆ, ಅಲ್ವಾ? ದೂರದ ಎಳೆತಕ್ಕೆ ನನ್ನ ಮತ ವಯರ್ ರೋಪಿಗೇ.

ರೋಪ್ ನೀರಿನಿಂದ ಪೂರ್ತಿ ಮೇಲೆದ್ದು ನೆಟ್ಟಗಾಯಿತೋ, ವೇಗ ತಗ್ಗಿಸಿ. ಏರಿಸುವುದೂ ಸ್ವಲ್ಪ ಸ್ವಲ್ಪವೇ. ಟಗ್ ಅಲೆಯ ನೆತ್ತಿಯಲ್ಲಿದ್ದಾಗ ಹಿಂದಿನ ಹಡಗೂ ನೆತ್ತಿಯಲ್ಲೇ ಇರುವಂತೆ ಉದ್ದ ಹೊಂದಿಸಿ. ಒಂದು ಏರುವಾಗ ಇನ್ನೊಂದು ಇಳಿದರೆ ಜಗ್ಗಾಟ ತಪ್ಪಿದ್ದಲ್ಲ. ಜೊತೆಗೆ ಆಗಾಗ ಒಂದಿಷ್ಟು ರೋಪ್ ಬಿಡಿ ಇಲ್ಲವೇ ಸುತ್ತಿಕೊಳ್ಳಿ. ಟಗ್‌ನ ಹಿಂಬದಿ ಅಂಚಿಗೆ ಒಂದೇ ಜಾಗ ಉಜ್ಜುತ್ತಿದ್ದರೆ ಅಲ್ಲೇ ಎಳೆ ಎಳೆಯಾಗಿ ಸವೆಯುತ್ತದೆ. ಗ್ರೀಸ್ ಮೆತ್ತಿದರೆ ಸಾಕು ಎನ್ನುವ ಸೋಮಾರಿ ಉಪಾಯ ನಂಬಬೇಡಿ. ಗ್ರೀಸೂ ಬೇಕು, ಜಾಗವೂ ಬದಲಾಗಬೇಕು.

5. ರಾತ್ರಿ ಟಗ್‌ನ ಹಿಂದಿನ ದೀಪದ ಮೇಲೆ ಹಳದಿ ದೀಪ, ಕಂಬದಲ್ಲಿ ಒಂದರ ಮೇಲೊಂದು ಬಿಳಿ ದೀಪ. ಟಗ್‌ನ ಹಿಂಭಾಗದಿಂದ ಕೆಟ್ಟ ಹಡಗಿನ ಕೊನೆಯವರೆಗೆ 200 ಮೀಟರ್ ದಾಟಿದರೆ ಬಿಳಿ ದೀಪ ಮೂರಿರಬೇಕು.

6. ಆಳ ಕಡಿಮೆಯಾಗುವ ಮೊದಲೇ ರೋಪ್ ಗಿಡ್ಡ ಮಾಡಿ. ಇಲ್ಲದಿದ್ದರೆ ಜೋಲು ತಳಕ್ಕೆ ಉಜ್ಜಿ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದಷ್ಟೂ ಜಗ್ಗಾಟ ಜಾಸ್ತಿ. ಹಾಗಾಗಿ ಇಲ್ಲಿ ವೇಗ ಇನ್ನೂ ಇಳಿಸಿ, ಬಂದರಿನ ಸಣ್ಣ ಟಗ್‌ಗಳು ಹಡಗಿನ ಬದಿಗೆ ಬಂದು ಹಿಡಿದುಕೊಳ್ಳುವವರೆಗೆ ರೋಪ್ ಬಿಚ್ಚಬೇಡಿ.