ಸರುವೊತ್ತಿನಿಂದ ಸರುವೊತ್ತಿಗೆ: ಹಗಲು-ರಾತ್ರಿಯ ಇಂಗ್ಲಿಷ್ ಪದ ಕಲಿಸುವಾಗ

ಡೇ ಅಂದರೆ ಹಗಲು, ನೈಟ್ ಅಂದರೆ ರಾತ್ರಿ ಎಂದು ಬಾಯಿಪಾಠ ಮಾಡಿಸುವುದನ್ನು ನಾನು ಬಿಟ್ಟಿದ್ದೇನೆ. ಡೇ ಅನ್ನುವುದು ಹಗಲೂ ಹೌದು, 24 ತಾಸಿನ ದಿನವೂ ಹೌದು. ಜೋಡಿಪದದ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಕಲಬುರಗಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಪಡಸಾಲೆಯಲ್ಲಿ 12 ಅಡಿ ಉದ್ದದ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ, ಅರ್ಧ ಅಡಿಗೆ ಒಂದು ತಾಸು. ಎರಡೂ ತುದಿಯಲ್ಲಿ ಸರುವೊತ್ತು, ಅಂದರೆ ನಡುರಾತ್ರಿ ಹನ್ನೆರಡು. ಗೆರೆಯ ಮೇಲ್ಗಡೆ ಮನೆಮಾತು ಬರೆಸುವುದು: ನಸುಕು, ಮುಂಜಾನಿ, ಮಧ್ಯಾಹ್ನ, ಸಂಜಿ, ಮೂರುಸಂಜಿ, ರಾತ್ರಿ. ಆಮೇಲೆ ಕೆಳಗಡೆ ಡಾನ್, ಮಾರ್ನಿಂಗ್, ನೂನ್, ಆಫ್ಟರ್‌ನೂನ್, ಈವ್ನಿಂಗ್, ಡಸ್ಕ್, ನೈಟ್, ಮಿಡ್‌ನೈಟ್ ಚೀಟಿಗಳು. ಮೇಲಿನ ಗಡಿಗೂ ಕೆಳಗಿನ ಗಡಿಗೂ ತಾಳೆಯಾಗದ ಕಡೆಯೇ ಪಾಠ.

ನಮಗೆ ರಾತ್ರಿ ಎರಡು ಗಂಟೆ, ಇಂಗ್ಲಿಷಿಗೆ ‘ಟೂ ಇನ್ ದಿ ಮಾರ್ನಿಂಗ್’. ಹನ್ನೊಂದೂವರೆಗೇ ಮಕ್ಕಳು ‘ಆಫ್ಟರ್‌ನೂನ್’ ಅನ್ನುತ್ತಾರೆ, ನಮ್ಮ ಮಧ್ಯಾಹ್ನ ಹನ್ನೆರಡರ ಆಚೆ ಈಚೆ ಎರಡೂ ಕಡೆ ಹರಡಿರುತ್ತದೆ. ಆ ಪದವನ್ನು ಒಡೆದು ತೋರಿಸಿದರೆ ಸಾಕು: ಆಫ್ಟರ್ ನೂನ್, ಅಂದರೆ ಹನ್ನೆರಡಾದ ಮೇಲೆ. ಡಸ್ಕಿಗೆ ಮಾತ್ರ ಗಡಿಯಾರದ ಗುರುತು ಹಾಕಬೇಡಿ. ಇಲ್ಲಿ ಡಿಸೆಂಬರಿನಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ಏಳರ ಹತ್ತಿರ. ಆ ಚೀಟಿ ತಿಂಗಳಿಗೆ ತಕ್ಕಂತೆ ಜರುಗಬೇಕು.

ಹೆಚ್ಚು ಹೊತ್ತು ಹಿಡಿಯುವುದು ಪದದ ಮುಂದಿನ ಸಣ್ಣ ಪದ. ‘ರಾತ್ರಿ ಬಂದೆ’ ಅನ್ನುವಾಗ ಕನ್ನಡದಲ್ಲಿ ರಾತ್ರಿಗೆ ಯಾವ ಪ್ರತ್ಯಯವೂ ಬೇಕಿಲ್ಲ, ಅದಕ್ಕೇ ‘ಐ ಕೇಮ್ ನೈಟ್’ ಹುಟ್ಟುತ್ತದೆ. ಇನ್ ದಿ ಮಾರ್ನಿಂಗ್, ಇನ್ ದಿ ಈವ್ನಿಂಗ್, ಆದರೆ ಅಟ್ ನೂನ್, ಅಟ್ ನೈಟ್. ವಾರದ ಹೆಸರು ಸೇರಿತೋ ಆನ್ ಬರುತ್ತದೆ: ಆನ್ ಮಂಡೇ ಮಾರ್ನಿಂಗ್. ಇವನ್ನು ಬಿಡಿಯಾಗಿ ಹೇಳಿಕೊಡದೆ ಚೀಟಿಯ ಮೇಲೇ ಜೊತೆಗೆ ಬರೆದುಬಿಡುವುದು ಒಳ್ಳೆಯದು. ‘ನಿನ್ನೆ ರಾತ್ರಿ’ ಯೆಸ್ಟರ್‌ಡೇ ನೈಟ್ ಅಲ್ಲ, ಲಾಸ್ಟ್ ನೈಟ್. ‘ಇವತ್ತು ರಾತ್ರಿ’ ಟುನೈಟ್. ಈ ಎರಡರ ಮುಂದೆ ಅಟ್ ಇಲ್ಲ.

ಗುಡ್ ನೈಟ್ ಬೀಳ್ಕೊಡುವ ಮಾತು. ರಾತ್ರಿ ಒಂಬತ್ತಕ್ಕೆ ಎದುರಾದವರಿಗೂ ಗುಡ್ ಈವ್ನಿಂಗೇ.

ಕೊನೆಗೆ ರೈಲಿನ ಟಿಕೆಟ್ಟಿನ ಲೆಕ್ಕ. 15ನೇ ತಾರೀಖು 00:30ಕ್ಕೆ ರೈಲು ಎಂದಿದ್ದರೆ ಸ್ಟೇಷನ್ನಿಗೆ ಯಾವ ರಾತ್ರಿ ಹೋಗಬೇಕು? ಗೆರೆಯ ಮೇಲೆ ನಿಲ್ಲಿಸಿ ಕೇಳಿ. 14ರ ರಾತ್ರಿ ಉಂಡು ಹೊರಡಬೇಕು ಎಂದವರಿಗೆ ಮಿಡ್‌ನೈಟ್ ತಿಳಿದಿದೆ. 15ರ ರಾತ್ರಿ ಎಂದವರನ್ನು ಗೆರೆಯ ಮೊದಲ ತುದಿಯಿಂದ ಮತ್ತೆ ನಡೆಸಬೇಕು.