ಬೀಗವಿಲ್ಲದ ವೈಫೈಗೆ ಇಂದೇ ಬೀಗ ಹಾಕಿ
ಮೊಬೈಲಿನ ವೈಫೈ ಪಟ್ಟಿಯಲ್ಲಿ ನಿಮ್ಮ ಮನೆಯ ಜಾಲದ ಹೆಸರಿನ ಪಕ್ಕ ಬೀಗದ ಚಿಹ್ನೆ ಕಾಣದಿದ್ದರೆ ದಯವಿಟ್ಟು ಇಂದೇ ಸರಿಪಡಿಸಿಕೊಳ್ಳಿ. ಏಕೆಂದರೆ ಅಂತಹ ಜಾಲವನ್ನು ಗೋಡೆಯಾಚೆಯ ಯಾರು ಬೇಕಾದರೂ ಬಳಸಬಹುದು, ಅವರು ಮಾಡಿದ ತಪ್ಪಿನ ಜಾಡು ಮೊದಲು ನಿಮ್ಮ ಸಂಪರ್ಕದತ್ತಲೇ ಬರುತ್ತದೆ. ರೌಟರಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಸಾಮಾನ್ಯವಾಗಿ 192.168.1.1ರಂತಹ ವಿಳಾಸವೊಂದು ಇರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು, ಭದ್ರತೆಯ ವಿಭಾಗದಲ್ಲಿ ವೈಫೈಗೆ ಬೀಗ ಹಾಕುವ ವಿಧಾನಗಳಾದ ಡಬ್ಲ್ಯೂಪಿಎ3 (WPA3) ಅಥವಾ ಡಬ್ಲ್ಯೂಪಿಎ2 (WPA2) ಆರಿಸಿ. 2001ರಲ್ಲೇ ದೋಷ ಬಯಲಾದ ಹಳೆಯ ವಿಧಾನ ಡಬ್ಲ್ಯೂಇಪಿ (WEP) ಬೇಡವೇ ಬೇಡ. ಪಾಸ್‌ವರ್ಡಿಗೆ 8 ಅಕ್ಷರಗಳಿದ್ದರೆ ರೌಟರ್ ಒಪ್ಪುತ್ತದೆಯಾದರೂ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ರೌಟರಿನ ಸೆಟ್ಟಿಂಗ್ಸ್ ತೆರೆಯಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ. ನೆರೆಮನೆಯ ಜಾಲಕ್ಕೆ ಬೀಗವಿಲ್ಲದ್ದು ಕಂಡರೆ ಅದನ್ನು ಬಳಸದೆ, ಬಾಗಿಲು ತಟ್ಟಿ ತಿಳಿಸಿ. ಹಿರಿಯರಾದರೆ ಜೊತೆಗೆ ಕುಳಿತು ಸರಿಪಡಿಸಿಕೊಡಿ.