ಮೇಲ್ಮೈಯ ಅಣುವಿನ ಬಂಧವನ್ನು ಎಕ್ಸ್-ರೇ ಯಾವ ದಾರಿಯಿಂದ ಮುರಿಯಿತು ಎಂದು ಗುರುತಿಸುವ ಬಗೆ

ಘನವಸ್ತುವಿನ ಮೇಲ್ಮೈಗೆ ಅಂಟಿದ ಅಣುಗಳ ಮೇಲೆ ಎಕ್ಸ್-ರೇ ಬಿದ್ದಾಗ ಬಂಧಗಳು ಮುರಿಯುವುದನ್ನು ಕಾಣುವುದು ಸುಲಭ. ಅವು ಯಾವ ದಾರಿಯಿಂದ ಮುರಿದವು ಎಂದು ನಿರ್ಧರಿಸುವುದು ಕಷ್ಟ. ಒಂದು ದಾರಿಯಲ್ಲಿ ಅಣುವಿನ ಪರಮಾಣುವೇ ಫೋಟಾನನ್ನು, ಅಂದರೆ ಎಕ್ಸ್-ರೇ ಬೆಳಕಿನ ಒಂದು ಕಣವನ್ನು, ಹೀರುತ್ತದೆ. ಆಗ ಒಳಕವಚದಲ್ಲಿ ಉಂಟಾದ ತೆರಪನ್ನು ಕೆಲವೇ ಫೆಮ್ಟೊಸೆಕೆಂಡುಗಳಲ್ಲಿ (ಒಂದು ಫೆಮ್ಟೊಸೆಕೆಂಡು ಎಂದರೆ 10⁻¹⁵ ಸೆಕೆಂಡು) ಹೊರಕವಚದ ಎಲೆಕ್ಟ್ರಾನೊಂದು ತುಂಬುತ್ತದೆ, ಬಿಡುಗಡೆಯಾದ ಶಕ್ತಿಯಿಂದ ಮತ್ತೊಂದು ಎಲೆಕ್ಟ್ರಾನ್ ಹೊರಹಾರುತ್ತದೆ. ಓಜೆ ಕ್ರಿಯೆ ಎನ್ನಿಸಿಕೊಳ್ಳುವ ಇದರಲ್ಲಿ ಬಂಧವನ್ನು ಹಿಡಿದಿಟ್ಟಿದ್ದ ಎಲೆಕ್ಟ್ರಾನುಗಳೇ ಕಳೆದುಹೋಗಿ, ಧನಾವೇಶ ಪಡೆದ ಭಾಗಗಳು ಒಂದನ್ನೊಂದು ವಿಕರ್ಷಿಸಿ ಸಿಡಿಯುತ್ತವೆ. ಆಕ್ಸೈಡ್ ಮೇಲ್ಮೈಗಳಿಂದ ಅಯಾನುಗಳು (ಆವೇಶವುಳ್ಳ ತುಣುಕುಗಳು) ಹೊರಬರುವುದನ್ನು ವಿಜ್ಞಾನಿಗಳಾದ ಕ್ನೋಟೆಕ್ ಮತ್ತು ಫೈಬೆಲ್‌ಮನ್ 1978ರಲ್ಲಿ ಈ ನೆಲೆಯಲ್ಲೇ ವಿವರಿಸಿದರು. ಇನ್ನೊಂದು ದಾರಿಯಲ್ಲಿ ಫೋಟಾನನ್ನು ಹೀರುವುದು ಅಡಿಯ ಘನವಸ್ತು. ಅಲ್ಲಿಂದ ಮೇಲೇಳುವ ದ್ವಿತೀಯಕ ಎಲೆಕ್ಟ್ರಾನುಗಳು ಅಣುವನ್ನು ಒಡೆಯುತ್ತವೆ. ಎರಡನ್ನೂ ಬೇರ್ಪಡಿಸದೆ ಪ್ರಕಟಿಸಿದ ಫಲಿತಾಂಶಕ್ಕೆ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಬೆಲೆಯಿಲ್ಲ.

ಮೊದಲು ಮೇಲ್ಮೈಯನ್ನು ಶುದ್ಧಗೊಳಿಸಿ, ಸುಮಾರು 10⁻¹⁰ ಟಾರ್ (ವಾತಾವರಣದ ಒತ್ತಡ ಸುಮಾರು 760 ಟಾರ್) ಒತ್ತಡದ ನಿರ್ವಾತದಲ್ಲಿಡಿ. 10⁻⁶ ಟಾರ್‌ನಲ್ಲಿ ಒಂದೇ ಸೆಕೆಂಡಿನಷ್ಟರಲ್ಲಿ ಉಳಿಕೆ ಅನಿಲದ ಒಂದು ಪದರವೇ ಕೂತುಬಿಡಬಹುದು. ಮಾದರಿಯನ್ನು ತಂಪಾಗಿಸಿ, ಅಣುಗಳ ಹಲವು ಪದರಗಳನ್ನು ಕೂರಿಸಿ ಅಳೆಯಿರಿ. ಆಮೇಲಷ್ಟೇ ಒಂದೇ ಪದರಕ್ಕೆ ಇಳಿಯಿರಿ. ಲೋಹವನ್ನು ನೇರವಾಗಿ ಮುಟ್ಟಿರುವ ಅಣುವಿನ ಉದ್ರೇಕವನ್ನು ಲೋಹದ ಎಲೆಕ್ಟ್ರಾನುಗಳು ಬಹುಬೇಗ ತಣಿಸಿಬಿಡುವುದರಿಂದ, ಈ ಹೋಲಿಕೆಯಿಲ್ಲದೆ ಅಯಾನುಗಳು ಕಡಿಮೆಯಾದುದರ ಕಾರಣ ತಿಳಿಯುವುದಿಲ್ಲ.

ನಿಜವಾದ ಕೆಲಸ ಇರುವುದು ಫೋಟಾನ್ ಶಕ್ತಿಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಿಸುತ್ತ ಹೋಗುವಾಗ. ಇದಕ್ಕೆ ಸಿಂಕ್ರೊಟ್ರಾನ್ ಬೆಳಕು ಬೇಕು, ಅಂದರೆ ವೇಗವರ್ಧಕದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಸೂಸುವ, ಶಕ್ತಿಯನ್ನು ಬೇಕಾದಂತೆ ಆರಿಸಿಕೊಳ್ಳಬಹುದಾದ ಎಕ್ಸ್-ರೇ. ಒಳಕವಚದ ಎಲೆಕ್ಟ್ರಾನನ್ನು ಮೇಲೇರಿಸಲು ಬೇಕಾಗುವ ಶಕ್ತಿ, ಅಂದರೆ ಇಂಗಾಲಕ್ಕೆ ಸುಮಾರು 285, ಸಾರಜನಕಕ್ಕೆ 400, ಆಮ್ಲಜನಕಕ್ಕೆ 530 ಎಲೆಕ್ಟ್ರಾನ್ ವೋಲ್ಟ್‌ಗಳ ಆಸುಪಾಸಿನಿಂದ ಆರಂಭಿಸಿ, ಅಯಾನುಗಳ ಪ್ರಮಾಣ, ಅಣುವಿಗೇ ಸೇರಿದ ಓಜೆ ಎಲೆಕ್ಟ್ರಾನುಗಳ ಪ್ರಮಾಣ, ಒಟ್ಟು ಎಲೆಕ್ಟ್ರಾನುಗಳ ಪ್ರಮಾಣ ಈ ಮೂರನ್ನೂ ಒಟ್ಟಿಗೆ ದಾಖಲಿಸಿ. ತೆಳುಪದರದಲ್ಲಿ ಅಯಾನು ರೇಖೆಯು ಒಟ್ಟು ಎಲೆಕ್ಟ್ರಾನುಗಳ ರೇಖೆಯನ್ನೇ ಹಿಂಬಾಲಿಸಿದರೆ ಅಡಿಯಿಂದ ಬಂದ ಎಲೆಕ್ಟ್ರಾನುಗಳನ್ನು ಶಂಕಿಸಬೇಕು. ಓಜೆ ರೇಖೆಯನ್ನು ಹಿಂಬಾಲಿಸಿದರೆ ಅಣುವಿನೊಳಗಿನ ಹೀರಿಕೆಯೇ ಮುಖ್ಯ ಎನ್ನಬಹುದು. ಎರಡನ್ನೂ ಮೀರಿ ಒಂದು ಅನುರಣನದಲ್ಲಿ (ಹೀರಿಕೆ ತೀವ್ರವಾಗುವ ನಿರ್ದಿಷ್ಟ ಶಕ್ತಿಯಲ್ಲಿ) ಮಾತ್ರ ಅಯಾನುಗಳು ಏರಿದರೆ ಆ ಸಂಗತಿ ಅತ್ಯಂತ ಕುತೂಹಲಕರ: ಒಳಕವಚದ ಎಲೆಕ್ಟ್ರಾನ್ ಬಂಧವಿರೋಧಿ ಕಕ್ಷಕಕ್ಕೆ (ಎಲೆಕ್ಟ್ರಾನ್ ಸೇರಿದರೆ ಬಂಧ ದುರ್ಬಲವಾಗುವ ನೆಲೆಗೆ) ಏರಿ ಬಂಧವನ್ನು ತಾನೇ ಸಡಿಲಿಸಿದೆ ಎಂದರ್ಥ. ನೀರಿನ ಹಿಮಪದರದಲ್ಲಿ ಆಮ್ಲಜನಕದ ಮೊದಲ ಅನುರಣನದ ಬಳಿ ಹೈಡ್ರೋಜನ್ ಅಯಾನುಗಳು ಹೀಗೆಯೇ ಹೆಚ್ಚುತ್ತವೆ. ಹಗುರವಾದ ಹೈಡ್ರೋಜನ್ ಆ ಕೆಲವೇ ಫೆಮ್ಟೊಸೆಕೆಂಡುಗಳಲ್ಲೂ ದೂರ ಸರಿಯಬಲ್ಲದು.

ಬೆಳಕಿನ ಧ್ರುವೀಕರಣದ ದಿಕ್ಕಿಗೆ, ಅಂದರೆ ಅದರ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕಿಗೆ, ಹೋಲಿಸಿದಂತೆ ಮಾದರಿಯ ಕೋನವನ್ನು ಬದಲಿಸಿ ಮತ್ತೆ ಅಳೆದರೆ, ಯಾವ ಕಕ್ಷಕಕ್ಕೆ ಉದ್ರೇಕವಾಯಿತೆಂಬುದು ಇನ್ನಷ್ಟು ಖಚಿತವಾಗುತ್ತದೆ. ಹೊರಬರುವ ತುಣುಕುಗಳಲ್ಲಿ ಬಹುಪಾಲು ಆವೇಶರಹಿತವಾಗಿರುವುದರಿಂದ, ಅಯಾನುಗಳ ಲೆಕ್ಕವನ್ನೇ ಒಟ್ಟು ಬಂಧಭಂಗದ ಲೆಕ್ಕವೆಂದು ಬರೆಯಬಾರದು. ಪ್ರತಿ ಅಳತೆಗೂ ಕಿರಣ ಬೀಳದ ಹೊಸ ಜಾಗವನ್ನು ಆರಿಸಿಕೊಳ್ಳಿ. ಕಿರಣದ ತೀವ್ರತೆಯನ್ನು ತಗ್ಗಿಸಿದಾಗ ರೇಖೆಯ ಆಕಾರವೇ ಬದಲಾದರೆ, ನೀವು ಅಳೆಯುತ್ತಿರುವುದು ಆಗಲೇ ಒಡೆದುಹೋದ ಅಣುಗಳನ್ನು ಎಂದು ತಿಳಿದು ಆ ದತ್ತಾಂಶವನ್ನು ಕೈಬಿಡಿ.